ಗಳೆಯ ಉದ್ದ ಹೇಳಿದವರು

ಕಲ್ಯಾಣ ಚಾಲುಕ್ಯರ ಇಲ್ಲವೇ ಹೊಯ್ಸಳರ ಕಾಲದ ದಾನಶಾಸನವನ್ನು ಓದುವವರಿಗೆ ಕಷ್ಟ ಎದುರಾಗುವುದು ರಾಜನ ಬಿರುದುಗಳ ಸಾಲಿನಲ್ಲಿ ಅಲ್ಲ. ಅಲಂಕಾರದ ಮಾತು ಎಷ್ಟೇ ಉದ್ದವಾದರೂ ಹೇಗೋ ಅರ್ಥವಾಗುತ್ತದೆ. ಬಿರುದಾವಳಿ ಮುಗಿದು ನೆಲದ ಲೆಕ್ಕ ಶುರುವಾದಾಗ ಓದು ನಿಧಾನವಾಗುತ್ತದೆ. ದೇವರ ನಂದಾದೀವಿಗೆಗೆ, ಬ್ರಾಹ್ಮಣರ ಭೋಜನಕ್ಕೆ, ಕೆರೆಯ ದುರಸ್ತಿಗೆ ಎಂದು ಬಿಟ್ಟ ಭೂಮಿ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಕಲ್ಲು ಹೇಳುತ್ತದೆ. ಆ ಮತ್ತರು ಇಂದಿನ ಎಷ್ಟು ಎಕರೆ ಎಂಬ ಪ್ರಶ್ನೆಗೆ ನಾಡಿಗೆಲ್ಲ ಸಲ್ಲುವ ಒಂದು ಅಂಕಿ ಇಲ್ಲ, ಏಕೆಂದರೆ ಮತ್ತರು ಒಂದೊಂದು ಸೀಮೆಯಲ್ಲಿ ಒಂದೊಂದು ಅಳತೆಯಾಗಿತ್ತು. ಶಾಸನ ಬರೆಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಅವರಲ್ಲಿ ಅನೇಕರು ಮತ್ತರಿನ ಸಂಖ್ಯೆ ಹೇಳಿ ಸುಮ್ಮನಾಗದೆ, ಅಳೆದ ಗಳೆ, ಅಂದರೆ ಅಳತೆಯ ಕೋಲು, ಯಾವುದೆಂದೂ ಹೇಳಿದರು. ಬಳ್ಳಿಗಾವೆಯ ಸುತ್ತಿನ ಶಾಸನಗಳಲ್ಲಿ ಭೇರುಂಡ ಗಳೆ ಬರುತ್ತದೆ, ಶಿಕಾರಿಪುರದ ಕಡೆಯವುಗಳಲ್ಲಿ ಕಚ್ಛವಿಯ ಗಡಿಂಬ ಬರುತ್ತದೆ, ಇನ್ನು ಕೆಲವೆಡೆ ರಾಜಮಾನ ಎಂದಿರುತ್ತದೆ. ತಮಿಳು ಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೋಲು ಹದಿನಾರು ಗೇಣಿನದೆಂದು ಬಿಡಿಸಿ ಹೇಳುತ್ತವೆ. ಅಲ್ಲಿಯ ಕೆಲವು ದೇವಾಲಯಗಳ ಗೋಡೆಯಲ್ಲಿ ಕೋಲಿನ ಉದ್ದವನ್ನೇ ಗೀಚಿ ಇಟ್ಟಿದ್ದಾರೆ, ಅನುಮಾನ ಬಂದವರು ಹೋಗಿ ಹಿಡಿದು ನೋಡಲಿ ಎಂದು.

ಪರಿಭಾಷೆಗೆ ವ್ಯಾಖ್ಯೆ ಕೊಡುವ ಪದ್ಧತಿ ನಮ್ಮಲ್ಲಿ ಎಲ್ಲಿಂದ ಬಂತು ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, ಅದು ಸಂಸ್ಕೃತ ಶಾಸ್ತ್ರಗಳ ಕೊಡುಗೆ ಎಂಬುದು. ಇನ್ನೊಂದು, ಇಂಗ್ಲಿಷ್ ವಿದ್ಯಾಭ್ಯಾಸದೊಂದಿಗೆ ಬಂದ ಶಿಸ್ತು ಎಂಬುದು. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಗಳೆಯ ಹೆಸರು ಕೆತ್ತಿಸಿದ ಊರಗೌಡನನ್ನೋ ಸೇನಬೋವನನ್ನೋ ಇವೆರಡೂ ವಿವರಿಸುವುದಿಲ್ಲ. ಅವನು ಶಿಷ್ಯರಿಗೆ ಪಾಠ ಹೇಳುತ್ತಿರಲಿಲ್ಲ. ತನ್ನ ನಂತರ, ತನ್ನನ್ನು ಕಾಣದವನೊಬ್ಬ ಈ ಕಲ್ಲನ್ನು ಓದಿ ಜಗಳಕ್ಕೆ ನಿಲ್ಲಬಹುದು ಎಂಬ ಅಂಜಿಕೆ ಅವನಿಗಿತ್ತು. ಈ ಅಂಜಿಕೆ ಇದ್ದ ಕಡೆಯೆಲ್ಲ ಕನ್ನಡ ನಾಡಿನ ಬರವಣಿಗೆ ತನ್ನ ಪದಗಳನ್ನು ಬಿಡಿಸಿ ಹೇಳಿದೆ. ಬರೆಯುವವನೂ ಓದುವವನೂ ಒಂದೇ ಚಾವಡಿಯಲ್ಲಿ ಕೂತವರು ಎಂಬ ಧೈರ್ಯ ಬಂದ ಕಡೆ ಪದ ಮೊಟಕಾಗಿದೆ, ಅಕ್ಷರವಾಗಿದೆ, ಕೊನೆಗೆ ಯಾರಿಗೂ ತಿಳಿಯದಂತಾಗಿದೆ. ಶಾಸ್ತ್ರ, ಲೆಕ್ಕಪತ್ರ, ಕಾನೂನು, ವಿಜ್ಞಾನ, ಯಾವ ಕ್ಷೇತ್ರದ ಚರಿತ್ರೆ ತೆಗೆದರೂ ಇದೇ ಕಾಣುತ್ತದೆ ಎಂಬುದು ನನ್ನ ವಾದ.

ಮೊದಲು ಗಣಿತ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದ. ಅದರ ಮೊದಲ ಅಧ್ಯಾಯದ ಹೆಸರೇ ಸಂಜ್ಞಾಧಿಕಾರ. ಅಲ್ಲಿ ಲೆಕ್ಕ ಇಲ್ಲ ಎಂದರೂ ನಡೆಯುತ್ತದೆ, ಇರುವುದೆಲ್ಲ ಹೆಸರು ಮತ್ತು ಅಳತೆ. ಪರಮಾಣುವಿನಿಂದ ಹಿಡಿದು ಅಂಗುಲದವರೆಗೆ ಯಾವುದು ಯಾವುದರ ಎಷ್ಟು ಪಟ್ಟು, ಕಾಲದ ಅಳತೆ ಹೇಗೆ, ಧಾನ್ಯಕ್ಕೆ ಯಾವುದು, ಚಿನ್ನಕ್ಕೆ ಯಾವುದು, ಬೆಳ್ಳಿಗೆ ಯಾವುದು, ಉಳಿದ ಲೋಹಕ್ಕೆ ಯಾವುದು ಎಂಬುದನ್ನೆಲ್ಲ ಅವನು ಒಂದೊಂದಾಗಿ ಹೇಳಿ ಮುಗಿಸುತ್ತಾನೆ. ಸಂಖ್ಯೆಗಳಿಗೆ 24 ಸ್ಥಾನಗಳವರೆಗೆ ಹೆಸರಿಡುತ್ತಾನೆ. ಚಂದ್ರ ಎಂದರೆ 1, ಕಣ್ಣು ಎಂದರೆ 2 ಎನ್ನುವಂಥ ಸಂಕೇತಗಳನ್ನೂ ಅಲ್ಲೇ ಪಟ್ಟಿ ಮಾಡುತ್ತಾನೆ. ಮುಂದಿನ ಅಧ್ಯಾಯಗಳ ಲೆಕ್ಕಗಳಲ್ಲಿ ಯಾವ ಅಳತೆ ಬಂದರೂ ಓದುಗ ಹಿಂದಿನ ಪುಟಕ್ಕೆ ಹೋಗಿ ನೋಡಿಕೊಳ್ಳಬಹುದು. ಮಹಾವೀರ ಜೈನ ಎಂಬುದು ಇಲ್ಲಿ ಮುಖ್ಯ. ಅಂಗುಲ ಎಂಬ ಒಂದೇ ಮಾತಿಗೆ ಮೂರು ಬಗೆಯ ಅಳತೆಗಳಿವೆ, ಯಾವುದನ್ನು ಎಲ್ಲಿ ಬಳಸಬೇಕು ಎಂಬ ವಿಚಾರ ಜೈನ ಪರಂಪರೆಯಲ್ಲಿ ಮೊದಲೇ ಬೆಳೆದಿತ್ತು. ಒಂದು ಹೆಸರಿನ ಕೆಳಗೆ ಹಲವು ವಸ್ತುಗಳು ಅಡಗಿರಬಲ್ಲವು ಎಂಬ ಎಚ್ಚರ ಇಲ್ಲದವರು ಹೀಗೆ ಇಡೀ ಅಧ್ಯಾಯವನ್ನು ಹೆಸರುಗಳಿಗೆ ಮೀಸಲಿಡುವುದಿಲ್ಲ. ಈ ಪುಸ್ತಕ ಮಠದ ಗೋಡೆಯೊಳಗೇ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದ. ಈ ಹೆಸರುಗಳೇ ಹೇಳುವಂತೆ ಕೊಡುಕೊಳ್ಳುವವರೂ ನೆಲ ಅಳೆಯುವವರೂ ಈ ಗಣಿತದ ಓದುಗರು, ಅಂದರೆ ಅಳತೆ ತಪ್ಪಿದರೆ ನಷ್ಟ ಅನುಭವಿಸುವವರು.

ಇದಕ್ಕೆ ಒಂದು ದೊಡ್ಡ ಆಕ್ಷೇಪ ಪಾಣಿನಿಯ ಕಡೆಯಿಂದ ಬರಬಹುದು. ಅಷ್ಟಾಧ್ಯಾಯಿ ಸುಮಾರು 4,000 ಸೂತ್ರಗಳ ಗ್ರಂಥ, ಅದರಷ್ಟು ಮೊಟಕು ಬರವಣಿಗೆ ಲೋಕದಲ್ಲಿ ಅಪರೂಪ. ಸ್ವರಗಳಿಗೆಲ್ಲ ‘ಅಚ್’, ವ್ಯಂಜನಗಳಿಗೆಲ್ಲ ‘ಹಲ್’. ದಾ, ಧಾ ಧಾತುಗಳ ಗುಂಪಿಗೆ ‘ಘು’. ಇವುಗಳಲ್ಲಿ ಕೆಲವಕ್ಕೆ ಲೋಕದ ಮಾತಿನಲ್ಲಿ ಅರ್ಥವೇ ಇಲ್ಲ. ಇಷ್ಟು ಒಗಟಾಗಿ ಬರೆದೂ ಎರಡು ಸಾವಿರ ವರ್ಷಕ್ಕೂ ಮೀರಿ ಉಳಿದಿದೆಯಲ್ಲ, ಹಾಗಾದರೆ ಅಪರಿಚಿತ ಓದುಗನ ಚಿಂತೆ ಏಕೆ, ಗುರುವಿನ ಬಾಯಿ ಸಾಲದೇ ಎಂದು ಕೇಳಬಹುದು. ಆದರೆ ಪಾಣಿನಿ ಮೊಟಕು ಮಾಡಿದ್ದನ್ನು ಮುಚ್ಚಿಡಲಿಲ್ಲ. ಗ್ರಂಥದ ಮೊದಲ ಸೂತ್ರವೇ ವೃದ್ಧಿ ಎಂದರೆ ಯಾವ ಯಾವ ಸ್ವರಗಳು ಎಂದು ಹೇಳುವ ವ್ಯಾಖ್ಯೆ. ಎರಡನೆಯದು ಗುಣ ಎಂದರೆ ಏನೆಂಬುದು. ಅಚ್, ಹಲ್‌ಗಳ ಕೀಲಿ ಅವಕ್ಕೂ ಮೊದಲು ಬರುವ ಹದಿನಾಲ್ಕು ಅಕ್ಷರಸೂತ್ರಗಳಲ್ಲಿದೆ. ಘು ಎಂಬ ಅಸಂಬದ್ಧ ಸದ್ದಿಗೂ ಅದರದೇ ಸೂತ್ರವಿದೆ. ವ್ಯಾಖ್ಯೆಯ ಕ್ರಮದ ವಿಷಯದಲ್ಲಿ ಈ ಪರಂಪರೆ ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಮೊದಲ ಸೂತ್ರದಲ್ಲಿ ಹೆಸರು ಮುಂದೆ ಬಂದು ಹೆಸರಿಸಿಕೊಂಡ ವಸ್ತು ಹಿಂದೆ ಬಂದದ್ದೇಕೆ ಎಂದು ಪತಂಜಲಿ ಚರ್ಚೆಗೆ ಕೂರುತ್ತಾನೆ. ವಾಡಿಕೆಯಂತೆ ವಸ್ತು ಮೊದಲು, ಹೆಸರು ಆಮೇಲೆ. ವೃದ್ಧಿ ಎಂಬ ಮಾತು ಮಂಗಳಕರ, ಶಾಸ್ತ್ರದ ಆರಂಭದಲ್ಲಿರಲಿ ಎಂದು ಆಚಾರ್ಯ ಇಲ್ಲಿ ಮಾತ್ರ ಕ್ರಮ ತಿರುಗಿಸಿದ ಎಂಬುದು ಅವನ ಸಮಾಧಾನ. ಸಮಾಧಾನ ಒಪ್ಪಿಗೆಯಾಗಲಿ ಬಿಡಲಿ, ಆ ಪ್ರಶ್ನೆ ಹುಟ್ಟಿತೆಂಬುದೇ ಗಮನಾರ್ಹ.

ಇದೇ ಪಾಣಿನಿಯಲ್ಲಿ ಇನ್ನೊಂದು ಮಾತಿದೆ, ಅದು ಮೇಲುನೋಟಕ್ಕೆ ನನ್ನ ವಾದಕ್ಕೆ ವಿರುದ್ಧ. ಮೊದಲ ಅಧ್ಯಾಯದ ಎರಡನೆಯ ಪಾದದಲ್ಲಿ ಅವನು ಕೆಲವು ಸಂಗತಿಗಳನ್ನು ಶಾಸ್ತ್ರ ಕಲಿಸಬೇಕಾಗಿಲ್ಲ, ಲೋಕದ ಬಳಕೆಯೇ ಅಲ್ಲಿ ಪ್ರಮಾಣ ಎನ್ನುತ್ತಾನೆ. ‘ಇಂದು’ ಎಂದರೆ ಯಾವಾಗಿನಿಂದ ಯಾವಾಗಿನವರೆಗೆ ಎಂಬಂಥದನ್ನು ವೈಯಾಕರಣ ನಿರ್ಣಯಿಸಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರುವುದಕ್ಕೆ ವ್ಯಾಖ್ಯೆ ಬೇಡ ಎನ್ನುವ ಇಂದಿನ ಬರಹಗಾರರಿಗೆ ಇದಕ್ಕಿಂತ ಹಿರಿಯ ಸಾಕ್ಷಿ ಸಿಗಲಾರದು. ಆದರೆ ಪಾಣಿನಿ ಬಿಟ್ಟುಬಿಡುವುದು ಲೋಕಕ್ಕೆಲ್ಲ ಗೊತ್ತಿರುವುದನ್ನು. ತನ್ನ ಶಾಸ್ತ್ರದವರಿಗಷ್ಟೇ ಗೊತ್ತಿರುವ ಪದಗಳನ್ನು ಅವನು ‘ಗೊತ್ತಿದೆಯಲ್ಲ’ ಎಂದು ಬಿಟ್ಟದ್ದು ಕಡಿಮೆ. ಹಿಂದಿನ ಆಚಾರ್ಯರಿಂದ ಬಂದ ಕೆಲವು ಹೆಸರುಗಳನ್ನು ಹಾಗೇ ಬಳಸಿದ್ದಾನೆ ನಿಜ, ಅದನ್ನು ಮರೆಮಾಚಬೇಕಾಗಿಲ್ಲ. ಆ ಎಡೆಗಳಲ್ಲೇ ವ್ಯಾಖ್ಯಾನಕಾರರಿಗೆ ಹೆಚ್ಚು ಕೆಲಸ ಬಿದ್ದದ್ದು. ಲೋಕಕ್ಕೆ ಗೊತ್ತಿರುವುದು, ತನ್ನ ಕೇರಿಗೆ ಗೊತ್ತಿರುವುದು ಇವೆರಡನ್ನು ಒಂದೇ ಎಂದು ತಿಳಿಯುವುದೇ ಮುಂದೆ ಬಂದ ಎಲ್ಲ ಗೊಂದಲಗಳ ಬೇರು.

ಕೇಶಿರಾಜ ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದಾಗ ಅವನ ಮುಂದಿದ್ದ ಸಮಸ್ಯೆ ಬೇರೆ ಥರದ್ದು. ಸಂಸ್ಕೃತ ವ್ಯಾಕರಣದ ಹೆಸರುಗಳನ್ನು ಅವನು ಎರವಲು ತಂದ. ಅವುಗಳಲ್ಲಿ ಎಲ್ಲವೂ ಕನ್ನಡಕ್ಕೆ ಒಗ್ಗುವಂಥವಲ್ಲ. ಅವನಿಗಿಂತ ಹಿಂದೆ ನಾಗವರ್ಮ ಕರ್ನಾಟಕ ಭಾಷಾಭೂಷಣವನ್ನೂ, ಅವನ ನಂತರ 1604ರಲ್ಲಿ ಭಟ್ಟಾಕಳಂಕ ಕರ್ನಾಟಕ ಶಬ್ದಾನುಶಾಸನವನ್ನೂ ಸಂಸ್ಕೃತ ಸೂತ್ರಗಳಲ್ಲೇ ರಚಿಸಿದರು. ಅವರ ಓದುಗ ಸಂಸ್ಕೃತ ಬಲ್ಲವನು. ಕೇಶಿರಾಜ ಕನ್ನಡ ಕಂದಪದ್ಯದಲ್ಲಿ ಸೂತ್ರ ಹೇಳಿ, ಅದರ ಕೆಳಗೆ ತಾನೇ ಗದ್ಯವೃತ್ತಿ ಬರೆದು, ಅದರ ಕೆಳಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ಕೊಟ್ಟ. ಒಂದೇ ಮಾತನ್ನು ಮೂರು ಸಲ, ಮೂರು ರೀತಿಯಲ್ಲಿ. ಳಕಾರದ ಬಗೆಗಳಿಗೆ ರಳ, ಕುಳ, ಕ್ಷಳ ಎಂದು ಹೆಸರಿಟ್ಟು ವಿಂಗಡಿಸಿದ್ದಲ್ಲದೆ, ಯಾವ ಪದ ಯಾವ ಗುಂಪಿಗೆ ಎಂಬ ಪಟ್ಟಿಯನ್ನೂ ಕೊಟ್ಟ. ಅವನ ಕಾಲಕ್ಕಾಗಲೇ ರಳವೆಂಬ ೞಕಾರ ಜನರ ನಾಲಗೆಯಿಂದ ಜಾರುತ್ತಿತ್ತು, ಓದುಗ ಕಿವಿಯಿಂದ ಅದನ್ನು ಗುರುತಿಸಲಾರ ಎಂಬುದು ಅವನಿಗೆ ಗೊತ್ತಿತ್ತು. ಗ್ರಂಥದ ಕೊನೆಯಲ್ಲಿ ಪ್ರಯೋಗಸಾರವೆಂದು ಹಳೆಯ ಪದಗಳ ಅರ್ಥ ಬಿಡಿಸಿದ್ದೂ ಅದೇ ಕಾರಣಕ್ಕೆ. ತನ್ನ ಭಾಷೆ ತನ್ನ ಕಣ್ಣೆದುರೇ ಬದಲಾಗುತ್ತಿರುವುದನ್ನು ಕಂಡ ವೈಯಾಕರಣನಿಗೆ ಮುಂದಿನ ಓದುಗ ಅಪರಿಚಿತನೇ.

ಇಷ್ಟು ಹೇಳಿದ ಮೇಲೆ ಮೊಟಕಕ್ಷರಗಳ ವಿಷಯಕ್ಕೆ ಬರಬೇಕು. ಇವು ಇಂಗ್ಲಿಷ್ ಆಫೀಸುಗಳಿಂದ ಬಂದ ಪಿಡುಗು ಎನ್ನುವವರು ಶಾಸನಗಳನ್ನು ನೋಡಿದಂತಿಲ್ಲ. ಗದ್ಯಾಣಕ್ಕೆ ‘ಗ’, ಪಣಕ್ಕೆ ‘ಪ’, ಶುದ್ಧಕ್ಕೆ ‘ಶು’ ಅಥವಾ ‘ಸು’, ಬಹುಳಕ್ಕೆ ‘ಬ’, ವಾರಕ್ಕೆ ಅದರ ಮೊದಲ ಅಕ್ಷರ, ಹೀಗೆ ಕಲ್ಲಿನ ಮೇಲೆ ಮೊಟಕು ಬರವಣಿಗೆ ಬೇಕಾದಷ್ಟಿದೆ. ಉತ್ತರದ ಕಡೆಯ ‘ಸುದಿ’, ‘ವದಿ’ಗಳು ಇನ್ನೂ ಸ್ವಾರಸ್ಯದವು. ಪಕ್ಷದ ಹೆಸರಿನ ಮೊದಲಕ್ಷರಕ್ಕೆ ದಿನದ ‘ದಿ’ ಸೇರಿ ಆದ ಸಂಕ್ಷೇಪಗಳವು, ಕಾಲಕ್ರಮದಲ್ಲಿ ಸ್ವತಂತ್ರ ಪದಗಳೇ ಆದವು. ಚಂಪೂಕಾವ್ಯಗಳ ಮುದ್ರಿತ ಪ್ರತಿಗಳಲ್ಲಿ ಕಂ, ಚಂ, ಉ, ವ ಎಂದು ಪದ್ಯದ ತಲೆಯ ಮೇಲಿರುವುದೂ ಅದೇ ಜಾತಿ. ಇವು ವ್ಯಾಖ್ಯೆ ಇಲ್ಲದೆಯೂ ಬಾಳಿದವು. ಹೇಗೆ ಎಂದರೆ, ಅವುಗಳ ಜಾಗವೇ ಅವಕ್ಕೆ ವ್ಯಾಖ್ಯೆ. ‘ಶು 5 ಶು’ ಎಂದು ಬರೆದರೆ ಮೊದಲ ಶು ಪಕ್ಷ, ಎರಡನೆಯ ಶು ಶುಕ್ರವಾರ. ತಿಂಗಳ ಹೆಸರಿನ ನಂತರ ಪಕ್ಷ, ಆಮೇಲೆ ತಿಥಿ, ಆಮೇಲೆ ವಾರ ಎಂಬ ಕ್ರಮ ಪಂಚಾಂಗ ಬಲ್ಲ ಮನೆಮನೆಗೂ ಗೊತ್ತು. ನೂರಾರು ವರ್ಷ ಈ ಕ್ರಮ ಕದಲಲಿಲ್ಲ. ಹಾಗಾಗಿ ಇವತ್ತು ಶಾಸನ ಓದುವವರಿಗೂ ಇವು ತೊಡಕಾಗಿಲ್ಲ. ಮೊಟಕು ಮಾಡುವುದರಲ್ಲೇ ದೋಷವಿದೆ ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಈ ‘ಶು’ ಸಾಕು.

ಇದಕ್ಕೆ ಪ್ರತಿಯಾಗಿ, ಪೂರ್ಣ ಪದಗಳನ್ನೇ ಬರೆದೂ ಅರ್ಥ ಕೈಬಿಟ್ಟು ಹೋದ ಉದಾಹರಣೆ ಇದೆ. ಮಧ್ಯಕಾಲದ ದಾನಪತ್ರಗಳಲ್ಲಿ, ವಿಶೇಷವಾಗಿ ವಿಜಯನಗರದ ಕಾಲದವುಗಳಲ್ಲಿ, ಭೂಮಿಯನ್ನು ಅಷ್ಟಭೋಗ ತೇಜಸ್ವಾಮ್ಯಸಹಿತ ಕೊಡಲಾಗುತ್ತದೆ. ಎಂಟು ಭೋಗಗಳು ಯಾವುವು ಎಂಬುದನ್ನೂ ಪತ್ರವೇ ಎಣಿಸುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಎಣಿಕೆ ಪೂರ್ತಿಯಾಗಿದೆ, ಯಾವುದೂ ಬಿಟ್ಟುಹೋಗಿಲ್ಲ, ನೋಡಿದರೆ ಇದಕ್ಕಿಂತ ಸ್ಪಷ್ಟ ಬರವಣಿಗೆ ಬೇಕೇ ಅನ್ನಿಸುತ್ತದೆ. ಜಲ, ಪಾಷಾಣಗಳ ವಿಷಯದಲ್ಲಿ ಹೌದು, ಬಾವಿಯ ನೀರು ಯಾರದು, ಹೊಲದಲ್ಲಿ ಸಿಕ್ಕ ಕಲ್ಲು ಯಾರದು ಎಂಬುದು ತೀರ್ಮಾನವಾಯಿತು. ಆದರೆ ಅಕ್ಷೀಣಿ ಎಂದರೆ ಏನು, ಸಿದ್ಧಕ್ಕೂ ಆಗಾಮಿಗೂ ಗೆರೆ ಎಲ್ಲಿ ಎಂದು ಕೇಳಿದರೆ ಪತ್ರ ಸುಮ್ಮನಾಗುತ್ತದೆ, ಇಂದಿನ ವಿದ್ವಾಂಸರ ವಿವರಣೆಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಗಳೆಯ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದ ಜನ ಇಲ್ಲಿ ಏಕೆ ಮೈಮರೆತರು? ನನಗೆ ತೋರುವುದಿಷ್ಟು. ಗಳೆ ಪಕ್ಕದ ಸೀಮೆಯಲ್ಲೇ ಬದಲಾಗುತ್ತಿತ್ತು, ಹಾಗಾಗಿ ಅದು ಸಂದೇಹದ ವಸ್ತು. ಅಷ್ಟಭೋಗದ ಪಾಠ ನಾಡಿಗೆಲ್ಲ ಒಂದೇ ಆಗಿದ್ದು ಮಂತ್ರದಂತೆ ರೂಢಿಯಾಗಿತ್ತು. ಎಲ್ಲ ಕಡೆ ಒಂದೇ ರೀತಿ ಕೇಳಿಸುವ ಮಾತಿನ ಅರ್ಥವೂ ಎಲ್ಲರಿಗೂ ಗೊತ್ತಿರುತ್ತದೆ ಎಂದು ನಂಬುವುದು ಸುಲಭ. ಪಟ್ಟಿ ಮಾಡಿದೊಡನೆ ವ್ಯಾಖ್ಯೆ ಆಯಿತೆಂದು ತಿಳಿಯುವ ಅಭ್ಯಾಸ ನಮ್ಮ ಸರ್ಕಾರಿ ಆದೇಶಗಳಲ್ಲಿ ಇನ್ನೂ ಜೀವಂತವಾಗಿದೆ.

ಮುಂದಿನ ಶತಮಾನಗಳಲ್ಲಿ ಲೆಕ್ಕ ಕಲ್ಲಿನಿಂದ ಕಡತಕ್ಕೆ ಇಳಿಯಿತು. ಹುಣಿಸೆಬೀಜದ ಸರಿ, ಇದ್ದಿಲು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ಬರೆದ ಆ ಲೆಕ್ಕ ಕಲ್ಲಿನಂತೆ ಊರ ನಡುವೆ ನಿಲ್ಲಲಿಲ್ಲ, ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ ಉಳಿಯಿತು. ಓದುವವರು ಬರೆದವರೇ, ಇಲ್ಲವೇ ಅವರ ಮಗ. ಮರಾಠಿಯ ರೂಢಿ ಬಂತು, ಆಮೇಲೆ ಫಾರಸಿಯ ರೂಢಿ ಬಂತು; ತರಿ, ಖುಷ್ಕಿ, ಬಾಗಾಯ್ತು, ಖರಾಬು, ಜಮಾಬಂದಿ ಎಂಬ ಮಾತುಗಳು ಕನ್ನಡ ಅಂಕಿಗಳ ಪಕ್ಕದಲ್ಲಿ ಕೂತವು. ಹೊಸ ಪದಗಳು ಬಂದುದಕ್ಕೆ ಗೋಳಾಡಬೇಕಾಗಿಲ್ಲ, ಇವುಗಳಲ್ಲಿ ಹೆಚ್ಚಿನವು ಈಗ ರೈತರ ಮನೆಮಾತು. ಕೆಟ್ಟದ್ದು ಬೇರೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಊರೂರಲ್ಲಿ ತೂಕ, ಅಳತೆಗಳನ್ನು ಹೊಸದಾಗಿ ವಿಚಾರಿಸಿ ಬರೆದುಕೊಳ್ಳಬೇಕಾಯಿತು. ಖಂಡುಗ ಎಂದರೆ ಧಾನ್ಯದ ಅಳತೆ, ಅಷ್ಟು ಬೀಜ ಬಿತ್ತುವ ನೆಲದ ಅಳತೆಯೂ ಅದೇ ಹೆಸರಿನದು. ಖಂಡುಗಕ್ಕೆ 20 ಕೊಳಗ ಎಂಬುದು ಬಹುಮಟ್ಟಿಗೆ ಸ್ಥಿರ, ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಸ್ಥಿರವಲ್ಲ. ಗದ್ದೆಯ ಖಂಡುಗದ ವಿಸ್ತಾರವೂ ಹೊಲದ ಖಂಡುಗದ ವಿಸ್ತಾರವೂ ಒಂದಲ್ಲ. ಊರಿನವರಿಗೆ ಇದರಿಂದ ತೊಂದರೆ ಇರಲಿಲ್ಲ, ಅವರಿಗೆ ತಮ್ಮ ಕೊಳಗ ಗೊತ್ತು. ತೊಂದರೆ ಆಚೆಯವರಿಗೆ, ಮತ್ತು ಲೆಕ್ಕ ಓದಲು ಬಾರದ ಊರಿನವರಿಗೆ.

ಶಾನುಭೋಗರು ಬೇಕೆಂದೇ ಗೋಜಲು ಮಾಡಿದರು, ಅಧಿಕಾರ ಉಳಿಸಿಕೊಳ್ಳಲು ಪರಿಭಾಷೆಯನ್ನು ಗುಟ್ಟಾಗಿಟ್ಟರು ಎಂಬ ಮಾತು ಹಳೆಯದು. ಬ್ರಿಟಿಷ್ ಅಧಿಕಾರಿಗಳಿಗಂತೂ ಇದು ತುಂಬ ಪ್ರಿಯವಾದ ದೂರು. ಕೆಲವರ ವಿಷಯದಲ್ಲಿ ನಿಜವಿರಬಹುದು. ಆದರೆ ಸಂಚಿಲ್ಲದೆಯೇ ಇದು ಆಗಬಲ್ಲದು ಎಂಬುದು ಹೆಚ್ಚು ಕಳವಳದ ಸಂಗತಿ. ತನಗಾಗಿ ಬರೆದುಕೊಳ್ಳುವವನು ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲದೆ ಮೊಟಕಾಗಿ ಬರೆಯುತ್ತಾನೆ. ಮೋಸಕ್ಕೆ ಅವಕಾಶ ಆಮೇಲೆ ಹುಟ್ಟುತ್ತದೆ.

ಸರ್ವೆ ಬಂದದ್ದು ಈ ಸ್ಥಿತಿಯ ಮೇಲೆ. ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದವರು ರೂಪಿಸಿದ ಬಾಂಬೆ ಪದ್ಧತಿ ಧಾರವಾಡ, ಬೆಳಗಾವಿಗಳ ಕಡೆ ಮೊದಲು ಬಂತು, 1863ರಲ್ಲಿ ಮೈಸೂರು ಅದನ್ನು ತೆಗೆದುಕೊಂಡಿತು. ಅದರ ಸರಪಳಿ 33 ಅಡಿಯದು. ಸರಪಳಿ ಉದ್ದಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಗೆ 16 ಆಣೆ. ಎಕರೆ ವಿದೇಶದ್ದು, ಆಣೆ ನಾಣ್ಯದಿಂದ ಬಂದದ್ದು. ಹೀಗೆ ನಾನಾ ಮೂಲದ ಮಾತುಗಳು ಕೂಡಿದ್ದರೂ ಅಳತೆಯಲ್ಲಿ ಗೊಂದಲವಿಲ್ಲ, ಪ್ರತಿ ಹಂತವೂ ಕೆಳಗಿನದರಿಂದ ಕಟ್ಟಿದ್ದು. ಭೇರುಂಡ ಗಳೆ ಕೆತ್ತಿಸಿದವನಿಗೆ ಈ ಕ್ರಮ ಕೂಡಲೇ ಅರ್ಥವಾಗುತ್ತಿತ್ತು. ಇಲ್ಲಿ ಒಂದು ನ್ಯಾಯವಾದ ತಕರಾರಿದೆ. ಸರ್ಕಾರ ಅಳತೆಗೆ ಸ್ಪಷ್ಟ ವ್ಯಾಖ್ಯೆ ಕೊಟ್ಟದ್ದು ರೈತನ ಮೇಲಿನ ಪ್ರೀತಿಯಿಂದಲ್ಲ, ಕಂದಾಯಕ್ಕಾಗಿ. ಹಳೆಯ ಸಡಿಲ ಲೆಕ್ಕದಲ್ಲಿ ರೈತ ಒಂದಿಷ್ಟು ನೆಲವನ್ನು ಕಂದಾಯದ ಕಣ್ಣಿಂದ ಮರೆಸಬಹುದಿತ್ತು, ಹೊಸ ಲೆಕ್ಕ ಅದನ್ನು ಕಿತ್ತುಕೊಂಡಿತು. ಒಪ್ಪಬೇಕಾದ ಮಾತೇ. ವ್ಯಾಖ್ಯೆ ಯಾವಾಗಲೂ ಬಡವನ ಪರ ಎಂದು ನಾನು ವಾದಿಸಲಾರೆ. ದೂರದಲ್ಲಿ ಕೂತ ಕಂದಾಯ ಅಧಿಕಾರಿಯೂ ಒಬ್ಬ ಅಪರಿಚಿತ ಓದುಗನೇ, ಅವನಿಗೆ ಬೇಕಾಗಿಯೇ ಪದಗಳು ತೆರೆದುಕೊಂಡವು. ಆದರೆ ಒಮ್ಮೆ ತೆರೆದ ಪದ ಇಬ್ಬರಿಗೂ ತೆರೆದಿರುತ್ತದೆ. ಗುಂಟೆ ಎಷ್ಟೆಂದು ಗೊತ್ತಾದ ಮೇಲೆ ರೈತನೂ ಸರಪಳಿ ಹಿಡಿದು ಸರ್ಕಾರದ ಅಳತೆ ತಪ್ಪೆಂದು ಅರ್ಜಿ ಹಾಕಬಲ್ಲ; ಕೊಳಗದ ಲೆಕ್ಕದ ಮೇಲೆ ಅಂಥ ಅರ್ಜಿ ಹಾಕುವುದು ಹೇಗೆ?

ಅದೇ ಕಾಲದಲ್ಲಿ ಕಾನೂನು ಕೇಶಿರಾಜನ ದಾರಿಯನ್ನು ತನಗರಿವಿಲ್ಲದೆ ಹಿಡಿದಿತ್ತು. ಮೆಕಾಲೆಯ ಆಯೋಗ 1837ರಲ್ಲಿ ಸಿದ್ಧಪಡಿಸಿದ, 1862ರಿಂದ ಜಾರಿಗೆ ಬಂದ ದಂಡಸಂಹಿತೆಯಲ್ಲಿ ವ್ಯಾಖ್ಯೆಯ ಕೆಳಗೆ ದೃಷ್ಟಾಂತಗಳಿದ್ದವು. ಒಬ್ಬ ಇನ್ನೊಬ್ಬನ ಜಮೀನಿನ ಮರವನ್ನು ಒಯ್ಯುವ ಉದ್ದೇಶದಿಂದ ಕಡಿದರೆ ಅದು ಕಳವಾಗುವುದು ಯಾವ ಗಳಿಗೆಯಲ್ಲಿ? ಮರ ನೆಲದಿಂದ ಬೇರ್ಪಟ್ಟ ಗಳಿಗೆಯಲ್ಲಿ, ಒಯ್ದಾಗ ಅಲ್ಲ. ಸ್ಥಿರ, ಚರ ಎಂಬ ಸ್ವತ್ತಿನ ಭೇದವನ್ನು ಪುಟಗಟ್ಟಲೆ ವಿವರಿಸಿದರೂ ಹತ್ತದ ಅರ್ಥ ಈ ಮರದಿಂದ ಹತ್ತುತ್ತದೆ. ಸೂತ್ರ, ವೃತ್ತಿ, ಪ್ರಯೋಗ ಎಂಬ ಮೂರು ಮೆಟ್ಟಿಲುಗಳಲ್ಲಿ ಪ್ರಯೋಗವನ್ನು ಬಿಟ್ಟವರ ವ್ಯಾಖ್ಯೆಗಳು ನಿಘಂಟಿನ ಸಮಾನಾರ್ಥಕ ಪದಗಳಾಗಿ ಒಣಗುತ್ತವೆ. ನಿಘಂಟನ್ನು ಜರೆಯಲು ಈ ಮಾತು ಹೇಳಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಕಿಟ್ಟೆಲರ ಕೋಶ ಸಂಕ್ಷೇಪಗಳಿಂದ ತುಂಬಿದೆ. ಪದ ಮೈಸೂರಿನದೋ, ದಕ್ಷಿಣ ಮರಾಠಾ ಸೀಮೆಯದೋ, ಯಾವ ಗ್ರಂಥದಲ್ಲಿ ಬಂದದ್ದೋ ಎಂಬುದು ಎರಡು ಮೂರು ಅಕ್ಷರಗಳಲ್ಲಿ ಅಡಗಿದೆ, ಆದರೆ ಅವುಗಳ ಬೀಗದ ಕೈ ಪುಸ್ತಕದೊಳಗೇ ಇದೆ.

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡದಲ್ಲಿ ವಿಜ್ಞಾನ ಬರೆಯತೊಡಗಿದಾಗ ಈ ಚರಿತ್ರೆಯ ಪಾಠ ಯಾರಿಗೂ ನೆನಪಿದ್ದಂತೆ ಕಾಣುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು, ಪತ್ರಿಕೆಗೆ ಆಯುಸ್ಸು ಇರಲಿಲ್ಲ. ಆಗಿನಿಂದಲೂ ಜಗಳ ಮುಖ್ಯವಾಗಿ ಒಂದೇ: ಪಾರಿಭಾಷಿಕ ಪದ ಸಂಸ್ಕೃತದಿಂದ ಕಟ್ಟಬೇಕೇ, ಕನ್ನಡದಿಂದ ಕಟ್ಟಬೇಕೇ, ಇಂಗ್ಲಿಷಿನದನ್ನೇ ಕನ್ನಡ ಲಿಪಿಯಲ್ಲಿ ಬರೆಯಬೇಕೇ. ಪದಕೋಶಗಳು ಬಂದವು, 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂತು, 1961ರಲ್ಲಿ ದೆಹಲಿಯಲ್ಲಿ ಇಡೀ ದೇಶಕ್ಕೆ ಒಂದು ಪರಿಭಾಷಾ ಆಯೋಗವೇ ಸ್ಥಾಪನೆಯಾಯಿತು. ನಮ್ಮ ಮಾತಿನಿಂದ ಕಟ್ಟಿದ ಪದ ತಾನೇ ಅರ್ಥ ಹೇಳಿಬಿಡುತ್ತದೆ, ಅದಕ್ಕೆ ಪ್ರತ್ಯೇಕ ವ್ಯಾಖ್ಯೆ ಬೇಕಿಲ್ಲ ಎಂಬ ನಂಬಿಕೆ ಈ ಜಗಳದ ತಳದಲ್ಲಿತ್ತು. ಆಮ್ಲಜನಕವನ್ನು ನೋಡಿ. ಆಮ್ಲ ಹುಟ್ಟಿಸುವುದು ಎಂದು ಅದು ಎಷ್ಟು ನಿಚ್ಚಳವಾಗಿ ಹೇಳುತ್ತದೋ ಅಷ್ಟೇ ನಿಚ್ಚಳವಾಗಿ ತಪ್ಪು ಹೇಳುತ್ತದೆ. ಆ ಅನಿಲಕ್ಕೆ ಹೆಸರಿಟ್ಟ ಲವಾಸಿಯೆ ಮಾಡಿದ ತಪ್ಪು ಅದು. ಎಲ್ಲ ಆಮ್ಲಗಳಲ್ಲೂ ಆ ಅನಿಲ ಇರಬೇಕಾಗಿಲ್ಲ ಎಂದು ಹಂಫ್ರಿ ಡೇವಿ 1810ರಲ್ಲೇ ತೋರಿಸಿದ್ದ, ಕನ್ನಡ ಪದ ಹುಟ್ಟುವುದಕ್ಕೆ ಬಹಳ ಮೊದಲು. ಪದ ಕೆಟ್ಟದ್ದೆಂದು ಬಿಸಾಡಬೇಕಾಗಿಲ್ಲ, ಎಲ್ಲರ ಬಾಯಲ್ಲೂ ನಿಂತಿದೆ. ಆದರೆ ಅದರ ಅರ್ಥ ಅದರ ಅವಯವಗಳಲ್ಲಿಲ್ಲ, ಉಸಿರಾಟ, ಉರಿ, ತುಕ್ಕುಗಳನ್ನು ತೋರಿಸಿ ಕಲಿಸಿದ ಪಾಠದಲ್ಲಿದೆ. ಶಿವರಾಮ ಕಾರಂತರು 1936ರ ‘ಬಾಲಪ್ರಪಂಚ’ದಲ್ಲೂ ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದಲ್ಲೂ ಏಕಾಂಗಿಯಾಗಿ ಹೊತ್ತ ಹೊರೆ ಇದೇ. ಅವರ ಪದಗಳನ್ನು ಆಮೇಲಿನವರು ಎಷ್ಟೋ ಕಡೆ ಬಿಟ್ಟಿದ್ದಾರೆ. ಪದಕೋಶಗಳು ಟಂಕಿಸಿದ ಸಾವಿರಾರು ಪದಗಳಲ್ಲಿ ಯಾರೂ ಬಳಸದೆ ಉಳಿದವು ಯಾವುವೆಂದು ನೋಡಿದರೆ, ಸಂಸ್ಕೃತದವೂ ಇವೆ, ಅಚ್ಚಗನ್ನಡದವೂ ಇವೆ. ಬದುಕಿದವುಗಳಲ್ಲೂ ಎರಡೂ ಇವೆ. ಹಾಗಿದ್ದ ಮೇಲೆ ಮೂಲದ ಜಗಳದಲ್ಲಿ ಖರ್ಚಾದ ಶಾಯಿಯ ಒಂದು ಪಾಲಾದರೂ ಪದವನ್ನು ಬಳಸಿದ ಜಾಗದಲ್ಲೇ ಬಿಡಿಸಿ ಹೇಳಲು ಬಳಕೆಯಾಗಬಹುದಿತ್ತು.

ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕನ್ನಡದಲ್ಲಿ ಪೋಣಿಸುವ ಚಾಳಿ ಇದರ ಮೇಲೆ ಬಂದು ಕೂತಿತು. ಅಕ್ಷರಗಳಿಂದ ಹೆಸರು ಕಟ್ಟುವುದು ಕನ್ನಡಿಗರಿಗೆ ಹೊರಗಿನದೇನಲ್ಲ. ಡಿವಿಜಿ, ತೀನಂಶ್ರೀ, ಪುತಿನ ಎಂದು ನಮ್ಮ ಸಾಹಿತ್ಯ ಚರಿತ್ರೆಯೇ ಮೊಟಕಕ್ಷರಗಳಲ್ಲಿ ಮಾತಾಡುತ್ತದೆ. ಹೆಸರಿಗೆ ಇದು ಸರಿ, ಹೆಸರಿನ ಅರ್ಥ ಯಾರಿಗೂ ಬೇಕಾಗಿಲ್ಲ, ಆಸಾಮಿ ಯಾರೆಂದು ಗೊತ್ತಾದರೆ ಆಯಿತು. ಕೆಎಸ್‌ಆರ್‌ಟಿಸಿ ಬಸ್ಸಿಗೆ ಕಾಯುವವನಿಗೂ ಅಕ್ಷರ ಬಿಡಿಸಿ ಹೇಳಬೇಕಾಗಿಲ್ಲ ಎಂಬ ಆಕ್ಷೇಪ ಇಲ್ಲಿ ಸಲ್ಲುತ್ತದೆ. ಗಡಿಯವರೆಗೆ ಮಾತ್ರ ಸಲ್ಲುತ್ತದೆ ಎಂದೂ ಸೇರಿಸಬೇಕು. ಅದೇ ಐದು ಅಕ್ಷರಗಳನ್ನು ಕೇರಳದ ನಿಗಮವೂ ತನ್ನದೆಂದು ಹೇಳಿ, ಎರಡು ರಾಜ್ಯಗಳು ಟ್ರೇಡ್‌ಮಾರ್ಕ್ ವ್ಯಾಜ್ಯ ನಡೆಸಿದವು. ಆದರೆ ಹಕ್ಕು, ಸಾಲ, ಶಿಕ್ಷೆಗಳನ್ನು ಹೊತ್ತ ಮೊಟಕಕ್ಷರ ಹೆಸರಿನ ಹಾಗಲ್ಲ, ಅದು ಮತ್ತರಿನ ಹಾಗೆ. ‘ಎಂ.ಆರ್.’ ಎಂದರೆ ಭೂಮಿಯ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಬದಲಾದುದನ್ನು ದಾಖಲಿಸುವ ಪುಸ್ತಕ ಎಂದು ತಿಳಿಯದವನಿಗೆ, ಆ ಪುಸ್ತಕದಲ್ಲಿ ತನ್ನ ಹೆಸರು ಇಲ್ಲದಿರುವುದು ತಿಳಿಯುವಾಗ ತಡವಾಗಿರುತ್ತದೆ.

ಪಹಣಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದು ಎರಡು ದಶಕಕ್ಕೂ ಹೆಚ್ಚಾಯಿತು, ಶಾನುಭೋಗರ ಪೆಟ್ಟಿಗೆ ತೆರೆದಂತಾಯಿತು, ಹಾಳೆ ಯಾರಿಗಾದರೂ ಸಿಗುತ್ತದೆ. ಒಂಬತ್ತನೆಯ ಕಾಲಂ ಒಡೆತನಕ್ಕೆ, ಹನ್ನೊಂದನೆಯದು ಸಾಲ ಮತ್ತಿತರ ಋಣಗಳಿಗೆ ಎಂಬುದನ್ನು ಓದು ಬಾರದವರೂ ಬಾಯಲ್ಲಿ ಹೇಳುತ್ತಾರೆ. ‘ಶು 5 ಶು’ವಿನಂತೆ ಇಲ್ಲಿಯೂ ಜಾಗವೇ ಅರ್ಥ ಹೇಳುತ್ತದೆ. ವಿಸ್ತೀರ್ಣದ ಕಡೆ ಮಾತ್ರ ‘ಫೂಟ್ ಖರಾಬು ಅ’, ‘ಫೂಟ್ ಖರಾಬು ಬ’ ಎಂದು ಎರಡು ಸಾಲುಗಳಿವೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಇವೆರಡಕ್ಕೂ ವ್ಯಾಖ್ಯೆ ಇದೆ. ‘ಅ’ ಎಂದರೆ ಸಾಗುವಳಿಗೆ ಒದಗದ ನೆಲ, ಒಡೆಯನ ಕಣ, ತೋಟದ ಮನೆಗಳ ಜಾಗವೂ ಸೇರಿ. ‘ಬ’ ಎಂದರೆ ರಸ್ತೆ, ಕಾಲುದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಮೀಸಲಿಟ್ಟದ್ದು. ಕಂದಾಯ ಎರಡಕ್ಕೂ ಇಲ್ಲ, ಹಾಗಾಗಿ ಕಂದಾಯ ಕಟ್ಟುವಾಗ ಭೇದ ಕಾಣುವುದಿಲ್ಲ. ಜಮೀನು ಮಾರುವಾಗ, ಪರಿವರ್ತನೆಗೆ ಹಾಕುವಾಗ, ಭೂಸ್ವಾಧೀನದ ಪರಿಹಾರ ಕೇಳುವಾಗ ಭೇದ ಎದ್ದು ಬರುತ್ತದೆ. ಒಂದು ತನ್ನದು, ಇನ್ನೊಂದು ತನ್ನದಲ್ಲ. ನಿಯಮದ ಪುಸ್ತಕದಲ್ಲಿ ಈ ವ್ಯಾಖ್ಯೆ ಎರಡು ಸಾಲಿನದು, ಪಹಣಿಯ ಕೆಳಗಡೆ ಅಚ್ಚು ಹಾಕಲು ಎರಡು ಬೆರಳಗಲ ಜಾಗ ಸಾಕು.